ನನ್ನನ್ನೂ ಕೇಳಿ, ವಕೀಲ್ರೇ!

"ಇದು ನನಗೆ ಬೇಡ!"

ಅವಳು ಪೆಟ್ಟಿಗೆಯನ್ನು ಗಾಜಿನ ಕೌಂಟರ್ ಮೇಲಿಟ್ಟಳು. ಮೊಬೈಲ್ ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು.

ಕೌಂಟರಿನಾಚೆ ನಿಂತಿದ್ದವನ ಮುಖ ಸಪ್ಪಗಾಯಿತು. ಮೊನ್ನೆ ಭಾನುವಾರವಷ್ಟೇ ಆ ಹೊಚ್ಚಹೊಸ ಮಾಡೆಲ್ ಫೋನನ್ನು ಅವಳ ಕೈಗಿಟ್ಟು, "ನನ್ನನ್ನ ಮದುವೆ ಆಗ್ತೀರಾ?" ಎಂದು ಕೇಳಿದ್ದ. ಅವಳು ನಾಚಿ ಹೂಂ ಅಂದಿದ್ದಳು. ಈಗ...!

"ಅಂದ್ರೆ... ನಾನೂ ಬೇಡ್ವಾ?"

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಅಳಬಾರದು ಎಂದು ಮನೆಯಿಂದಲೇ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು. ಸಿಟ್ಟಿಗೆ ಮಾತ್ರ ಅಡ್ಡಿ ಮಾಡಲಿಲ್ಲ.

"ಇದಕ್ಕಿಂತ ಮೇಲಿನದು ಬೇಕಿತ್ತಾ? ಮುಂದಿನ ತಿಂಗಳು ಇನ್ನೊಂದು ಬರುತ್ತೆ..."

ಅಯ್ಯೋ ದೇವರೇ, ಈ ಮನುಷ್ಯನಿಗೆ ಹೇಗೆ ಹೇಳಲಿ!

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು 'ವಕೀಲ' ಎಂದೇ. ಹೊಸ ಮಾಡೆಲ್ ಬೇಕೆಂದು ಯಾರು ಬಂದರೂ ಸ್ಟೂಲಿನ ಮೇಲೆ ಕೂರಿಸಿ ವಿಚಾರಣೆ ಶುರು ಮಾಡುತ್ತಿದ್ದ. ಏನು ಕೆಲಸ ಮಾಡ್ತೀರಿ? ಈಗಿನ ಫೋನಲ್ಲಿ ಏನು ತೊಂದರೆ? ಜಾಸ್ತಿ ಯಾರ ಜೊತೆ ಮಾತಾಡ್ತೀರಿ? ಉತ್ತರ ಸಿಗದೆ ಒಂದು ಫೋನೂ ಕಪಾಟಿನಿಂದ ಹೊರಬರುತ್ತಿರಲಿಲ್ಲ. ಚಾರ್ಜರ್ ಕೊಳ್ಳಲು ಬಂದ ಅವಳು ಅದನ್ನು ನೋಡುತ್ತಾ ನಿಂತೇ ಮನಸೋತಿದ್ದಳು.

"ನಿನ್ನೆ ಅಪ್ಪ ಬಚ್ಚಲಲ್ಲಿ ಜಾರಿಬಿದ್ರು," ಎಂದಳು. "ನನಗೇ ಫೋನ್ ಮಾಡಿದ್ರು. ನಾನು ಕೆಲಸದಲ್ಲಿದ್ದೆ. ನನ್ನ ಒದ್ದೆ ಬೆರಳಲ್ಲಿ ಎಷ್ಟು ಎಳೆದ್ರೂ ಈ ಫೋನು ಕರೆ ತಗೊಳ್ಳಲೇ ಇಲ್ಲ!"

ಅವಳು ಕನ್ನಡಕದ ಗಾಜು ಉಜ್ಜುವವಳು. ನೀರು ಸುರಿಯುವ ಚಕ್ರಕ್ಕೆ ದಿನವಿಡೀ ಗಾಜು ಹಿಡಿದು ಬೆರಳ ತುದಿಯ ಗೆರೆಗಳೇ ಸವೆದುಹೋಗಿದ್ದವು.

"ವಾಪಸ್ ಕರೆ ಮಾಡೋಣ ಅಂದ್ರೆ ಬೆರಳಿಗೆ ತೆರೆಯಲ್ಲ. ಮುಖ ತೋರಿಸಿದ್ರೆ, ಗಾಜಿನ ಪುಡಿಗೆ ಅಂತ ಮಾಸ್ಕ್ ಹಾಕಿದ ಮುಖ ಅದಕ್ಕೆ ಗೊತ್ತಾಗಲ್ಲ!"

"ಅಪ್ಪ... ಹೇಗಿದ್ದಾರೆ?" ಅವನು ಕೌಂಟರಿನಾಚೆಯಿಂದ ಮುಂದೆ ಬಾಗಿದ.

"ಮಂಡಿ ತರಚಿದೆ ಅಷ್ಟೇ. ಪಕ್ಕದ ಮನೆಯವರು ಎತ್ತಿ ಕೂರಿಸಿದ್ರು." ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ಬಂದವರನ್ನೆಲ್ಲ ಕೇಳ್ತೀರಿ. ನನ್ನನ್ನ ಯಾಕೆ ಕೇಳಲಿಲ್ಲ? ನನಗೇನು ಬೇಕು ಅಂತ ಕೇಳದವರ ಜೊತೆ ನಾನು ಬಾಳಲ್ಲ."

ಅವನು ತಲೆ ತಗ್ಗಿಸಿದ.

"ಕೇಳಿದ್ರೆ ಸಾದಾ ಫೋನೇ ಸಾಕು ಅಂತೀರಿ ಅನ್ನಿಸ್ತು. ಮದುವೆ ಕೇಳೋಕೆ ಸಾದಾದು ಹಿಡ್ಕೊಂಡು ಬಂದ್ರೆ ನೀವು ಏನಂದುಕೊಳ್ತೀರೋ ಅಂತ... ಹೆದರಿದೆ."

"ಇಡೀ ಊರಿಗೆ ಬುದ್ಧಿ ಹೇಳ್ತೀಯ," ಬಿಲ್ ಬರೆಯುತ್ತಿದ್ದ ಅವನ ಅಕ್ಕ ಗದರಿದಳು, "ಇವಳ ಮುಂದೆ ಮಾತ್ರ ಬುದ್ಧಿ ಅಡವಿಟ್ಟಿದ್ದೆಯಾ?"

ಅವಳು ಸ್ಟೂಲ್ ಎಳೆದು ಕುಳಿತಳು. "ನಾನೀಗ ಗಿರಾಕಿ. ಕೇಳಿ, ವಕೀಲ್ರೇ."

ಅವನು ಗಂಟಲು ಸರಿಮಾಡಿಕೊಂಡ. "ಏನು ಕೆಲಸ ಮಾಡ್ತೀರಿ?"

ಅವಳು ಎರಡೂ ಅಂಗೈ ಮುಂದೆ ಚಾಚಿದಳು. ಸವೆದ ಆ ಬೆರಳುಗಳನ್ನು ಅವನು ಬೆಳಕಿಗೆ ತಿರುಗಿಸಿ, ಒಂದೊಂದಾಗಿ ನೋಡಿದ. ಇಷ್ಟು ದಿನ ಈ ಕೈಗಳನ್ನು ನೋಡೇ ಇರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

"ಈಗಿನ ಫೋನಲ್ಲಿ ಏನು ತೊಂದರೆ?"

"ತಂದುಕೊಟ್ಟವರು ನನ್ನನ್ನ ಒಂದು ಮಾತೂ ಕೇಳಿರಲಿಲ್ಲ."

ಅವನು ನಕ್ಕ. ಕಣ್ಣು ಮಾತ್ರ ತುಂಬಿತ್ತು. ಕೆಳಗಿನ ಕಪಾಟಿನಿಂದ ಹಳೇ ಮಾಡೆಲ್ಲೊಂದನ್ನು ತೆಗೆದ. ದಪ್ಪ ಮೈ, ಜಾರದ ಬೆನ್ನು. ಅವಳ ಕೆಲಸಕ್ಕೆ ಬೇಕಾದ ಕನ್ನಡಕದ ಅಳತೆಯ ಫೋಟೋ ಬಂದರೆ ಅಂಕಿಗಳು ನಿಚ್ಚಳವಾಗಿ ಕಾಣುವ ಪರದೆ. ಸಿಮ್ ಹಾಕಿ, ಬಾಟಲಿಯಿಂದ ಅವಳ ಬೆರಳ ಮೇಲೆ ನಾಲ್ಕು ಹನಿ ನೀರು ಸುರಿದು, ತನ್ನ ಫೋನಿನಿಂದ ಕರೆ ಮಾಡಿದ.

ಅದು ರಿಂಗಾದ ಸದ್ದಿಗೆ ಅಕ್ಕ ಕಿವಿ ಮುಚ್ಚಿಕೊಂಡಳು. ಉಜ್ಜುವ ಚಕ್ರದ ಗದ್ದಲದಲ್ಲೂ ಖಂಡಿತ ಕೇಳಿಸುತ್ತಿತ್ತು!

"ಪಕ್ಕದ ಗುಂಡಿ ಒತ್ತಿ, ಸಾಕು."

ಅವಳು ಒದ್ದೆ ಬೆರಳಲ್ಲೇ ಒತ್ತಿದಳು. ಫೋನು ಕರೆ ತಗೊಂಡಿತು.

"ಇದು ನನ್ನ ಫೋನು," ಎಂದಳು.

ಅವನು ಫೋನ್ ಕಿವಿಗಿಟ್ಟುಕೊಂಡೇ ಇದ್ದ. "ಇನ್ನೊಂದು ಪ್ರಶ್ನೆ ಬಾಕಿ ಇದೆ. ಜಾಸ್ತಿ ಯಾರ ಜೊತೆ ಮಾತಾಡ್ತೀರಿ?"

"ಇಲ್ಲಿವರೆಗೆ... ಅಪ್ಪನ ಜೊತೆ."

"ಇನ್ಮುಂದೆ?"

"ನೀವು ಹೀಗೆ ಕೇಳ್ತಾ ಇದ್ರೆ... ನಿಮ್ಮ ಜೊತೆ."

"ಎದುರುಬದುರೇ ಇದ್ದೀರಲ್ಲ, ಫೋನ್ ಇಡ್ರಪ್ಪ!" ಎಂದಳು ಅಕ್ಕ.

ಇಬ್ಬರೂ ಇಡಲಿಲ್ಲ.