ಹಿಂಬಾಗಿಲಿಗೆ ಬಿದ್ದ ಬೀಗ

೧೯೪೩ರ ಮಾರ್ಚಿ ೯, ಮಂಗಳವಾರ. ತಿಥಿ ಮುಗಿದ ಮರುದಿನ, ಬೆಳಗ್ಗೆ ಎಂಟಕ್ಕೆ, ಇಂದ್ರಮ್ಮ ಮಳವಳ್ಳಿ ಠಾಣೆಗೆ ಬಂದು ದೂರು ಕೊಟ್ಟಳು. ಅವಳ ಗಂಡ ಓವರ್‌ಸಿಯರ್ ಚಲುವರಾಜು ಹಳೇ ಛತ್ರದ ಬೆಂಕಿಯಲ್ಲಿ ಸತ್ತಿದ್ದ.

ಛತ್ರದ ಕೆಳಗೆ ಸೀಮೆಎಣ್ಣೆ ಅಂಗಡಿ, ಬೀಡಿ ಕಟ್ಟುವ ಜಗಲಿ. ಮೇಲೆ ರೇಷ್ಮೆಹುಳು ಸಾಕಣೆ. ಬೆಂಕಿ ಬಿದ್ದರೆ ಹಿಂದಿನ ಮೆಟ್ಟಿಲಿನಿಂದ ಇಳಿಯಬೇಕು ಎಂದು ಚಲುವರಾಜುವೇ ನಕ್ಷೆ ಬರೆದು ಗೋಡೆಗೆ ಅಂಟಿಸಿದ್ದ. ಅಂಗಡಿ ಹತ್ತಿಕೊಂಡಾಗ, ತಪಾಸಣೆಗೆ ಹೋಗಿದ್ದ ಅವನೊಬ್ಬನೇ ಮೇಲಿದ್ದ. ದೇಹ ಸಿಕ್ಕಿದ್ದು ಹಿಂದಿನ ಮೆಟ್ಟಿಲ ಬುಡದಲ್ಲಿ, ಹೊರಗಿನಿಂದ ಬೀಗ ಬಿದ್ದಿದ್ದ ಬಾಗಿಲಿನ ಒಳಗೆ. ಅದರ ಬೀಗದ ಕೈ ಇದ್ದದ್ದು ಅವನ ಹತ್ತಿರ. ತಾನೇ ಬೀಗ ಹಾಕಿ ಮರೆತ ಎಂದು ಊರು ತೀರ್ಮಾನಿಸಿತ್ತು.

"ಬೀಗ ಹಾಕಬಾರದು ಅಂತ ಬರೆದವರೇ ಅವರು. ಅವರು ಹಾಕಲ್ಲ," ಎಂದಳು ಇಂದ್ರಮ್ಮ. ಗಂಡನ ಬೀಗದ ಕೈಗಳ ಗೊಂಚಲನ್ನು ಮೇಜಿನ ಮೇಲಿಟ್ಟಳು.

ಸಬ್ ಇನ್‌ಸ್ಪೆಕ್ಟರ್ ಮರಿಯಯ್ಯ ಎಫ್‌ಐಆರ್ ಬರೆಸಿದ. ಹತ್ತೂವರೆಗೆ ಪಂಚನಾಮೆ. ಕಾನ್‌ಸ್ಟೇಬಲ್ ಕೆಂಪಸಿದ್ದಯ್ಯ ಬೂದಿ ಕೆದಕಿ ಬೀಗವನ್ನು ಹೊರತೆಗೆದ. ಮುಚ್ಚಿಕೊಂಡೇ ಇತ್ತು. ಗೊಂಚಲಿನ ಒಂದು ಕೈಯೂ ಅದಕ್ಕೆ ಕೂಡಲಿಲ್ಲ.

ಪೇಟೆಯಲ್ಲಿ ಬೀಗ ರಿಪೇರಿ ಮಾಡುವವನು ಅಫ್ಸರ್ ಪಾಷಾ ಒಬ್ಬನೇ. ಮರಿಯಯ್ಯ ಬೀಗವನ್ನು ಅವನಿಗೆ ತೋರಿಸಿದ.

"ನಂದೇ ಕೈಕೆಲ್ಸ ಸಾಹೇಬ್ರೆ. ಹೊಂಬಾಳಮ್ಮಂದು."

"ಖಾತ್ರಿನಾ?"

"ತಾಮ್ರದ ಮೊಳೆ ನೋಡಿ, ನಾನೇ ಆಕಿದ್ದು. ಕಬ್ಣ ಎಲ್ಲಾ ಯುದ್ಧಕ್ಕೆ ಓಯ್ತು. ನನ್ ಅಲ್ಲು ಮಾತ್ರ ಬುಟ್ಟವ್ರೆ."

ಹುಳು ಸಾಕುತ್ತಿದ್ದವಳು ಹೊಂಬಾಳಮ್ಮ. ಅವಳ ಬಲ ಅಂಗೈಗೆ ಬಟ್ಟೆ ಸುತ್ತಿತ್ತು.

"ಬೀಗ ಯಾಕೆ ಹಾಕ್ದೆ?" ಎಂದು ಕೇಳಿದ ಮರಿಯಯ್ಯ.

"ಬೀಡಿಯೋರು ಆ ಮೆಟ್ಲು ಅತ್ತಿ ತಾರಸಿ ಮೇಲೆ ಎಲೆ ಒಣಗ್ಸೋರು ಸ್ವಾಮಿ. ಒಗೆಸೊಪ್ಪಿನ ಗಾಳಿ ತಾಕುದ್ರೆ ಉಳ ಉಳಿಯಕಿಲ್ಲ. ಇಪ್ಪನೇರಳೆ ಸೊಪ್ಪು ತರಕೆ ಓಗೋವಾಗ ಆಕ್ದೆ."

"ಮೇಲೆ ಓವರ್‌ಸಿಯರ್ ಇದ್ದದ್ದು ಗೊತ್ತಿತ್ತಾ?"

"ಇಲ್ಲ. ಬೆಂಕಿ ಅಂದ್ರು, ಓಡ್ಬಂದೆ. ಒಳಗಿಂದ ಬಾಗ್ಲು ಬಡಿಯೋರು. ಬೀಗ ಕೆಂಡ ಆಗಿತ್ತು. ಇಡಿಯಕಾಗ್ನಿಲ್ಲ."

"ಇಷ್ಟು ದಿನ ತಪ್ನ ಅವ್ರ ಮೇಲೇ ಆಕಿ ಕುಂತಿದ್ಯಲ್ಲ ಕಣಮ್ಮ," ಎಂದ ಕೆಂಪಸಿದ್ದಯ್ಯ.

"ಸತ್ತೋರ್ಗೆ ಮಾತು ತಾಕಕಿಲ್ಲ ಅಂದ್ಕಂಡೆ."

ಸಂಜೆ ನಾಲ್ಕಕ್ಕೆ ದಸ್ತಗಿರಿ. ಹಿಂದಿನ ಎರಡು ಬೆಳೆಯ ಹುಳುಗಳು ತಂಬಾಕಿನ ಗಾಳಿಗೆ ಸತ್ತಿದ್ದವು, ಮೂರನೆಯದನ್ನು ಉಳಿಸಿಕೊಳ್ಳಬೇಕಿತ್ತು ಎಂದು ಹೇಳಿಕೆಯಲ್ಲಿದೆ. ಅದರ ಕೆಳಗೆ ಅವಳ ಎಡ ಹೆಬ್ಬೆಟ್ಟು.

ಇಂದ್ರಮ್ಮ ಆ ಹೆಬ್ಬೆಟ್ಟನ್ನು ನೋಡಿದಳು. "ಗೋಡೆ ಮೇಲೆ ಅವರು ಬರೆದದ್ದನ್ನ ಇವಳಿಗೆ ಯಾರಾದರೂ ಓದಿ ಹೇಳಿದ್ರಾ?"

ಮರಿಯಯ್ಯ ಹೊಂಬಾಳಮ್ಮನ ಕಡೆ ತಿರುಗಿದ. ಅವಳು ತಲೆಯಾಡಿಸಿದಳು. ಇಲ್ಲ.

ಮರುದಿನ ಇಂದ್ರಮ್ಮ ಪೇಟೆಗೆ ಹೋದಳು. ನಕ್ಷೆಗೆಂದು ಮೆಟ್ಟಿಲು ಅಳೆಯಲು ಚಲುವರಾಜು ಅಫ್ಸರ್ ಪಾಷಾನಿಂದ ತಂದಿದ್ದ ಅಳತೆ ಟೇಪು ಮನೆಯಲ್ಲೇ ಉಳಿದಿತ್ತು.

"ಎಲ್ಡ್ ದಿನಕ್ಕೆ ಅಂತ ಈಸ್ಕಂಡೋಗಿದ್ರು. ಇರ್ಲಿ ಬುಡಿ ಅಮ್ಮ."

"ತಡ ಆಯ್ತು," ಎಂದು ಅವಳು ಅದನ್ನು ಅವನ ಮಣೆಯ ಮೇಲಿಟ್ಟಳು.