ಅವನು ಕಳಿಸಿದ ಒಂದೇ ಫೋಟೋ

"ಅಲ್ಲೇ ನಿಲ್ರಿ! ಒಳಗ ಬರಬ್ಯಾಡ್ರಿ!"

ಮಲ್ಲಿಕಾ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಕೂಗಿಯೇಬಿಟ್ಟಳು.

ಹಾನಗಲ್ಲಿನಲ್ಲಿ ಅವಳದೊಂದು ಪುಟ್ಟ ಆಫೀಸು. ಅಂಗಡಿ, ಶಾಲೆಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದಳು. ಬಾಗಿಲಲ್ಲಿ ನಿಂತವನು ಸವಣೂರಿನ ಮಹಾಂತೇಶ. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಗಾಡಿ ಅವನದು. ಅದಕ್ಕೊಂದು ವೆಬ್‌ಸೈಟ್ ಮಾಡಿಸಲು, ಕೆಲಸ ಮುಗಿಸಿ ನೇರ ಇಲ್ಲಿಗೇ ಬಂದಿದ್ದ. ಆ ವಾಸನೆ ಆಗಲೇ ಒಳಗೆಲ್ಲ ತುಂಬಿತ್ತು.

"ತಪ್ಪಾತ್ರಿ. ಫೋನ್ ಹಚ್ಚತೇನಿ," ಎಂದವನೇ ಮೆಟ್ಟಿಲಿಳಿದು ಹೋದ.

ಸಂಜೆ ಫೋನಿನಲ್ಲಿ ಅವಳು ಬಿಡಿಸಿ ಹೇಳಿದಳು. "ವೆಬ್‌ಸೈಟ್ ಕಟ್ಟೋದು ನನ್ನ ಕೆಲಸ. ಏನ್ ಹೇಳಬೇಕಂತೀರಿ ಅದನ್ನ ಬರದು ಕೊಡೋದು, ಫೋಟೋ ಕಳಸೋದು ನಿಮ್ಮ ಕೆಲಸ. ನೀವು ಸುಮ್ನ ಕುಂತ್ರ ಅದು ನಿಮ್ಮ ವೆಬ್‌ಸೈಟ್ ಆಗಂಗಿಲ್ರಿ."

"ಆತ್ರಿ," ಎಂದ.

ಮೂರು ದಿನ ಕಳೆದವು. ಅವಳು ಊಟಕ್ಕೆ ಕುಳಿತಾಗ ಮೊಬೈಲಿಗೆ ಒಂದು ಫೋಟೋ ಬಂತು. ಬಾಯಿ ತೆರೆದ ಗುಂಡಿ. ಒಳಗೆ ಕಪ್ಪಗೆ, ದಪ್ಪಗೆ ಕೆನೆಗಟ್ಟಿದ ಹೊಲಸು!

ಬಾಯಲ್ಲಿದ್ದ ರೊಟ್ಟಿ ಇಳಿಯಲಿಲ್ಲ. ಎದ್ದು ಓಡಿಹೋಗಿ ಉಗುಳಿಬಂದಳು.

'ಛೀ... ಎಂಥಾ ಮನಷ್ಯಾ ಇಂವಾ! ಬೇಕಂತನ ಕಳಿಸ್ಯಾನ!'

ಆ ಫೋಟೋ ಬಿಟ್ಟು, ಬಿಳಿ ಅಂಗಿಯ ನಗುವ ಗಂಡಸರ ಚಿತ್ರ ಹಾಕಿ ತೋರಿಸಿದಳು. ಬೇಡ ಎಂದ. ಹಸಿರು ಹುಲ್ಲು, ಹೂವು ಹಾಕಿದಳು. ಅದೂ ಬೇಡ.

"ನಾ ಕಳಸಿದ್ದ ಮೊದಲ ಬರಬೇಕ್ರಿ."

"ನಿಮಗ ಹೊಲಸು ರೂಢಿ ಆಗೈತಿ. ನನಗ ಹೇಸಿಗಿ ಬರ್ತೈತ್ರಿ!"

ಅವನು ಮೆಲ್ಲಗೆ ಕೇಳಿದ.

"ನನ್ನ ಮ್ಯಾಲೇನ್ರಿ... ಹೇಸಿಗಿ?"

ಅಲ್ಲ ಎನ್ನುವ ಬದಲು, "ಬ್ಯಾರೆ ಫೋಟೋ ಕಳಸ್ರಿ," ಎಂದಳು. ಅವನು ಫೋನ್ ಇಟ್ಟ.

ಎಂಟು ದಿನವಾದರೂ ಅವನಿಂದ ಒಂದಕ್ಷರ ಬರಲಿಲ್ಲ. ಈ ಕೆಲಸವೇ ಬೇಡ ಎಂದು ಮುಖ ನೋಡಿ ಹೇಳಿಬಿಡೋಣವೆಂದು, ಅವನು ಶಿಗ್ಗಾಂವಿಯಲ್ಲಿದ್ದಾನೆಂದು ತಿಳಿದು ಬಸ್ಸು ಹತ್ತಿದಳು.

ದೊಡ್ಡ ಮನೆಯೊಂದರ ಹಿತ್ತಿಲಲ್ಲಿ ಅವನ ಗಾಡಿ ನಿಂತಿತ್ತು. ಇಸ್ತ್ರಿ ಅಂಗಿ ತೊಟ್ಟ ಮನೆಯ ಯಜಮಾನ ಗದರುತ್ತಿದ್ದ.

"ತಳದಾಗ ಗಟ್ಟಿ ಆಗೈತಿ, ನಿನ್ನ ಗಾಡಿ ಎಳಿಯಂಗಿಲ್ಲ. ಯಾರನ್ನರೆ ಒಳಗ ಇಳಸೋ! ಒಂದಿಷ್ಟು ಸೆರೆ ಕುಡಿಸಿದ್ರ ಇಳೀತಾರ."

"ಇಳಸಂಗಿಲ್ರಿ." ಮಹಾಂತೇಶ ನೀರಿನ ಪೈಪು ಬಿಚ್ಚತೊಡಗಿದ. "ನೀರು ಹೊಡದು ಕರಗಸ್ತೇನಿ. ಸಂಜಿತನಕ ಹಿಡದ್ರೂ ಹಿಡೀಲಿ. ನನ್ನ ಗೆಳ್ಯಾ ಸುನೀಲ ಹಿಂಗ ಇಳದಾಂವ ಜೀವಂತ ಮ್ಯಾಲ ಬರ್ಲಿಲ್ಲ."

"ಅದಕ್ಕಂತನ ಇರೋ ಜನಾ ಬಿಡೋ..." ಯಜಮಾನ ನಕ್ಕ.

ಅವನ ಮೈಯಿಂದ ಅತ್ತರಿನ ಘಮ ಬಂತು. ಮಲ್ಲಿಕಾಳಿಗೆ ವಾಕರಿಕೆ ಬಂದದ್ದು ಆ ಘಮಕ್ಕೆ! ಇಂಥ ಅಸಹ್ಯ ಅವಳಿಗೆ ಆ ಗುಂಡಿ ನೋಡಿಯೂ ಆಗಿರಲಿಲ್ಲ.

"ಹಂಗಾದ್ರ ನೀವ ಇಳೀರಿ!" ಎಂದುಬಿಟ್ಟಳು.

ಯಜಮಾನ ಗೊಣಗುತ್ತ ಒಳಗೆ ಹೋದ. ಮಹಾಂತೇಶ ಬೆರಗಾಗಿ ತಿರುಗಿದ. ಅವಳನ್ನು ಕಂಡೊಡನೆ ನಾಲ್ಕು ಹೆಜ್ಜೆ ಹಿಂದೆ ಸರಿದ.

"ಆ ಫೋಟೋ..." ಅವಳು ಮೊಬೈಲ್ ತೆಗೆದು ತೋರಿಸಿದಳು.

"ಸುನೀಲ ಇಳಿಯೋಕಿಂತ ಮೊದಲ ನಾನ ತಗದಿದ್ದು. ಕೆಲಸ ಮುಗಿದಿಂದ ನೋಡಿ ನಗೋಣಂತ ಅಂವನ ಹೇಳಿದ್ದ. ಹೆಣಾ ಮ್ಯಾಲ ತಂದಾಗ ಎಲ್ಲಾರೂ ಮೂಗು ಮುಚ್ಕೊಂಡು ದೂರ ಸರಿದ್ರು. ಅವನ ಮಾರಿ ತೊಳಿಯಾಕ ಒಂದು ಕೊಡ ನೀರು ಯಾರೂ ಕೊಡ್ಲಿಲ್ರಿ."

'ನಾನೂ ಅಲ್ಲಿದ್ದಿದ್ರ... ನಾನೂ ಸರೀತಿದ್ನಿ.' ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು. ಕಣ್ಣೀರು ತಡೆಯಲಾಗಲಿಲ್ಲ.

"ಇದನ್ನೆಲ್ಲಾ ಬರದು ಯಾಕ ಕಳಸಲಿಲ್ರಿ?"

"ಬರಿಯಾಕ ಕುಂತ್ರ ಸುನೀಲನ ಹೆಸರು ದಾಟಿ ಮುಂದ ಹೋಗಾಕ ಆಗಂಗಿಲ್ರಿ."

"ನೀವು ಹೇಳ್ರಿ. ನಾ ಬರ್ಕೊಂತೇನಿ."

ಸಂಜೆ ಕೆಲಸ ಮುಗಿದ ಮೇಲೆ ಅವನ ಪಕ್ಕದಲ್ಲೇ ಕಟ್ಟೆಯ ಮೇಲೆ ಕುಳಿತು ಬರೆದುಕೊಂಡಳು. ವೆಬ್‌ಸೈಟಿನಲ್ಲಿ ಮೊದಲು ಆ ಗುಂಡಿಯೇ ಬಂತು. ಅದರ ಕೆಳಗೆ ಸುನೀಲನ ಹೆಸರು. ಆಮೇಲೆ ಒಂದೇ ಸಾಲು: 'ನಾವು ಗಾಡಿ ಕಳಿಸುತ್ತೇವೆ, ಮನುಷ್ಯರನ್ನು ಇಳಿಸುವುದಿಲ್ಲ.'

ಹಿರೇಕೆರೂರು, ರಟ್ಟೀಹಳ್ಳಿಗಳಿಂದ ಮಹಾಂತೇಶನಿಗೆ ಕರೆಗಳು ಬರತೊಡಗಿದವು. ಅದನ್ನು ತಿಳಿಸುವ ನೆಪದಲ್ಲಿ ಅವರಿಬ್ಬರ ಮಾತು ದಿನದಿನಕ್ಕೂ ಬೆಳೆಯಿತು. ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಹಾನಗಲ್ಲಿನ ಆನಿಕೆರೆಯ ದಂಡೆಯಲ್ಲಿ ಅವನು ತಲೆ ತಗ್ಗಿಸಿ ಹೇಳಿದ.

"ನನಗ ನೀವಂದ್ರ ಜೀವ... ಆದ್ರ ಈ ಕೆಲಸ ಬಿಡಾಕ ಆಗಂಗಿಲ್ರಿ."

"ಬಿಡ್ರಿ ಅಂದೋರ್ಯಾರು?"

"ನಿಮ್ಮ ಅವ್ವಾರು ಒಪ್ಪತಾರೇನ್ರಿ?"

"ಒಂದಿಷ್ಟು ದಿನ ಮಾತು ಬಿಡ್ತಾಳ. ಬಿಡ್ಲಿ. ಗಾಡಿ ಇಟ್ಟಾಂವನ್ನ ಮದವಿ ಆಗತೇನಿ ಅಂತ ಹೇಳತೇನಿ."

"ಯಾವ ಗಾಡಿ ಅಂತ ಕೇಳಿದ್ರ?"

ಮಲ್ಲಿಕಾ ಅವನ ಒರಟು ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಅದನ್ನ ಮೊದಲ ಹೇಳತೇನಿ."