ಸತ್ತ ಪೈಲಟ್‌ನ ಚಹಾ

"ಹಾಶಿಮಣ್ಣ, ನಾನು ಆ ಪುಸ್ತಕ ಮುಟ್ಟಲೇ ಇಲ್ಲ. ನನ್ನನ್ನು ಪೊಲೀಸಿಗೆ ಕೊಡ್ತೀರಾ?"

ಹೋಟೆಲಿನ ಕೋಣೆ ಸ್ವಚ್ಛ ಮಾಡುವ ಬೆಟ್ಟಿಯ ಮುಖ ನೋಡಲು ಹಾಶಿಮ್‌ಗೆ ಧೈರ್ಯವಾಗಲಿಲ್ಲ. ಅವಳೇ ಕಳ್ಳಿ ಎಂಬಂಥ ವರದಿಗೆ ಸಹಿ ಹಾಕಿದವನು ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆದ ಅವನೇ. ಮಧ್ಯಾಹ್ನ ಮೂರರೊಳಗೆ ಪುಸ್ತಕ ಸಿಗದಿದ್ದರೆ ಪೊಲೀಸರನ್ನು ಕರೆಯುವುದಾಗಿ ಮ್ಯಾನೇಜರ್ ರೇಮಂಡ್ ಹೇಳಿದ್ದರು. ಆಮೇಲೆ ಬೆಟ್ಟಿಯ ಕೆಲಸವೂ ಇಲ್ಲ, ವೀಸಾವೂ ಇಲ್ಲ.

ದುಬೈ ಏರ್‌ಶೋ ನಡೆಯುತ್ತಿದ್ದ ವಾರ. ಜೆಬೆಲ್ ಅಲಿ ಕಡೆಯ ಆ ಹೋಟೆಲಿನ ಕಿಟಕಿಗಳು ವಿಮಾನ ಹಾರಿದಾಗಲೆಲ್ಲ ನಡುಗುತ್ತಿದ್ದವು. ೧೨೧೪ನೇ ಕೋಣೆಯಲ್ಲಿ ಶೆನ್ ಎಂಬ ವೃದ್ಧರಿದ್ದರು. ಒಂದು ಚೀನೀ ಯುದ್ಧವಿಮಾನದ ಮುಖ್ಯ ವಿನ್ಯಾಸಕಾರರಾಗಿ ನಿವೃತ್ತರಾದವರು. ವಿಮಾನ ತಯಾರಾಗುತ್ತಿದ್ದ ವರ್ಷಗಳಲ್ಲಿ ಅವರೇ ಶಾಯಿಪೆನ್ನಿನಲ್ಲಿ ಬರೆದಿಟ್ಟ ಪುಸ್ತಕ ಅಂದು ಬೆಳಿಗ್ಗೆ ಕಾಣೆಯಾಗಿತ್ತು. ಸಂಜೆ ನಾಲ್ಕಕ್ಕೆ ಅದನ್ನೇ ಓದಿ ಭಾಷಣ ಮಾಡುವವರಿದ್ದರು.

ಆ ಕೋಣೆಗೆ ಹೋಗಲು ಕೆಲಸದವರೆಲ್ಲ ಹೆದರುತ್ತಿದ್ದರು. ಶೆನ್ ದಿನಾ ಬೆಳಿಗ್ಗೆ ಎರಡು ಕಪ್ ಚಹಾ ಬಗ್ಗಿಸುತ್ತಿದ್ದರು. ಒಂದು ತಮಗೆ, ಇನ್ನೊಂದು ಎದುರಿನ ಖಾಲಿ ಕುರ್ಚಿಗೆ. ಮೊದಲ ವಿಮಾನ ಬಿದ್ದು ಸತ್ತ ಪರೀಕ್ಷಾ ಪೈಲಟ್‌ಗಂತೆ. ಆ ಕುರ್ಚಿಯೊಡನೆ ಮೆಲ್ಲಗೆ ಮಾತಾಡುತ್ತಲೂ ಇದ್ದರು. ಜೊತೆಗೆ ಇನ್ನೊಬ್ಬಳನ್ನು ಕಳಿಸಿ ಎಂದು ಬೆಟ್ಟಿ ಎರಡು ಸಲ ಬೇಡಿದ್ದಳು. ಏರ್‌ಶೋ ವಾರದಲ್ಲಿ ಜನ ಎಲ್ಲಿಂದ ತರಲಿ ಎಂದು ಹಾಶಿಮ್ ಗದರಿದ್ದ.

ಅವನು ಬೆಟ್ಟಿಯನ್ನು ಕರೆದುಕೊಂಡು ನೆಲಮಾಳಿಗೆಯ ಲಿನೆನ್ ರೂಮಿಗೆ ಓಡಿದ. ಅಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹೋಟೆಲಿನ ಬಟ್ಟೆ ನೋಡಿಕೊಳ್ಳುತ್ತಿದ್ದ ಎಮಿಲಿಯಾ ಬಾಯಿ ಇದ್ದರು. ಹೋಟೆಲಿನಲ್ಲಿ ಏನು ಕಳೆದರೂ ಎಲ್ಲರೂ ಹೋಗುತ್ತಿದ್ದುದು ಅವರ ಹತ್ತಿರವೇ.

"ಎಂತ ಹಾಶಿಮ್, ಮೊದಲು ಸಹಿ ಹಾಕಿ ಆಮೇಲೆ ಅಳ್ಲಿಕ್ಕೆ ಬಂದದ್ದಾ? ಬೀಗದ ದಾಖಲೆ ಕೊಡು."

ಬೆಟ್ಟಿಯ ಕಾರ್ಡ್ ೧೨೧೪ನ್ನು ತೆರೆದದ್ದು ಹತ್ತು ಹತ್ತಕ್ಕೆ, ೧೨೧೬ನ್ನು ಹತ್ತು ಹದಿಮೂರಕ್ಕೆ. ಹನ್ನೊಂದಕ್ಕೆ ಶೆನ್ ಮರಳುವವರೆಗೆ ೧೨೧೪ಕ್ಕೆ ಮತ್ತೆ ಯಾವ ಕಾರ್ಡೂ ಬಿದ್ದಿರಲಿಲ್ಲ.

"ಹಾಸಿಗೆ ಹಾಸಿದ್ದು ನೀನೇ ಅಲ್ವಾ ಬೆಟ್ಟಿ?"

"ಹೌದು ಬಾಯಿ."

"ಎರಡನೇ ಕಪ್?"

"ಖಾಲಿ ಇತ್ತು. ಆ ಸತ್ತ ಪೈಲಟ್ ಕುಡಿದಿದ್ದ."

ಹಾಶಿಮ್ ಒಂದು ಹೆಜ್ಜೆ ಹಿಂದೆ ಸರಿದ. ಎಮಿಲಿಯಾ ಬಾಯಿ ಮಾತ್ರ ಬೆಳಗಿನ ಮೈಲಿಗೆ ಬಟ್ಟೆಯ ಚೀಲಗಳನ್ನು ಒಂದೊಂದಾಗಿ ನೆಲಕ್ಕೆ ಸುರಿದರು. ಒಂಬತ್ತನೇ ಮಹಡಿಯ ಚೀಲದಿಂದ ಒಂದು ಟವೆಲ್ ಎತ್ತಿದರು. ಕಂದು ಕಲೆ, ಅದರ ಮೇಲೆ ನೀಲಿ ಕಲೆ. ಅಂಚಿನಲ್ಲಿ ಹಸಿರು ದಾರ.

"ಹಸಿರು ಹನ್ನೆರಡನೇ ಮಹಡಿಯದ್ದಲ್ಲವಾ?" ಎಂದ ಹಾಶಿಮ್. ಬಟ್ಟೆ ಬೆರೆಯದಿರಲೆಂದು ಪ್ರತಿ ಮಹಡಿಗೂ ಒಂದೊಂದು ಬಣ್ಣದ ದಾರ ಹೊಲಿಸಿದ್ದವರು ಬಾಯಿಯೇ. ಅವರು ಒಂಬತ್ತನೇ ಮಹಡಿಯ ಕೆಲಸದ ಶಾರನ್‌ಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. ಆಮೇಲೆ, "ಯಲ್ಲಾ, ನಡೆಯಿರಿ, ಮೇಲೆ ಹೋಗುವ" ಎಂದರು.

ಎರಡೂವರೆಗೆ ೧೨೧೪ರಲ್ಲಿ ಎಲ್ಲರೂ ಸೇರಿದರು. ಶೆನ್, ಮ್ಯಾನೇಜರ್ ರೇಮಂಡ್, ಶೆನ್‌ರ ಶಿಷ್ಯ ಲಿಯಾಂಗ್. ಶೆನ್‌ರ ಸ್ಥಾನದಲ್ಲಿ ಈಗ ಮುಖ್ಯ ವಿನ್ಯಾಸಕಾರ ಅವನೇ. ಖಾಲಿ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ.

"ಮೂರು ನಿಮಿಷದಲ್ಲಿ ಕೋಣೆ ಸ್ವಚ್ಛ ಮಾಡ್ಲಿಕ್ಕೆ ಆಗುವುದಿಲ್ಲ" ಎಂದು ಬಾಯಿ ಇಂಗ್ಲಿಷಿನಲ್ಲಿ ಶುರು ಮಾಡಿದರು. "ಆದರೆ ಕೋಣೆ ಸ್ವಚ್ಛವಾಗಿತ್ತು. ಅಂದರೆ ಬೆಟ್ಟಿ ಪಕ್ಕದ ಕೋಣೆ ಮುಗಿಸಿ ವಾಪಸ್ ಬಂದಿದ್ದಾಳೆ. ಕಾರ್ಡ್ ಹಾಕದೆ ಹೇಗೆ ಬಂದಳು? ಬಾಗಿಲು ತೆರೆದೇ ಇತ್ತು. ಹೌದಾ ಮಗಾ?"

ಬೆಟ್ಟಿ ತಲೆ ತಗ್ಗಿಸಿದಳು. "ಕಪ್ ತುಂಬಾ ಚಹಾ ಇತ್ತು ಬಾಯಿ. ಕುಡಿಯುವವರ ಎದುರು ಧೂಳು ಹಾರಿಸಬಾರದಲ್ಲ. ಅವನು ಕುಡಿದು ಮುಗಿಸಲಿ ಅಂತ ಹೊರಗೆ ಹೋದೆ. ಬಾಗಿಲು ಹಾಕಿದರೆ ಕೂಡಿ ಹಾಕಿದ ಹಾಗೆ ಆಗ್ತದೆ ಅಂತ ಹಾಗೇ ಬಿಟ್ಟೆ. ಹೇಳಿದ್ರೆ ಕೆಲಸ ಹೋಗ್ತದೆ ಅಂತ ಹೇಳಲಿಲ್ಲ."

ಬಾಯಿ ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದಾಗ ಶೆನ್ ಮುಖ ಮುಚ್ಚಿಕೊಂಡರು.

"ಆ ಹೊತ್ತಿಗೆ ಒಳಗೆ ಬಂದವನು ಮೇಜಿನ ಮೇಲಿದ್ದ ಚಿನ್ನದ ಗಡಿಯಾರ ಮುಟ್ಟಲಿಲ್ಲ. ಪುಸ್ತಕ ಎಳೆಯುವಾಗ ಕಪ್ ಮಗುಚಿತು. ಚಹಾ ಬಿದ್ದು ಪುಟಗಳ ಶಾಯಿ ಹರಿಯಿತು. ಗಾಬರಿಯಲ್ಲಿ ಕಪ್ ನೆಟ್ಟಗಿಟ್ಟು, ಇಲ್ಲಿಯ ಟವೆಲಿನಿಂದ ಮೇಜು ಒರೆಸಿ, ಅದೇ ಟವೆಲ್‌ನಲ್ಲಿ ಪುಸ್ತಕ ಸುತ್ತಿ ಒಯ್ದ. ಚಹಾ ಯಾವ ದೆವ್ವವೂ ಕುಡಿಯಲಿಲ್ಲ. ಈ ಹಸಿರು ದಾರದ ಟವೆಲ್ ಒಂಬತ್ತನೇ ಮಹಡಿಯಲ್ಲಿ ಸಿಕ್ಕಿತು, ಮಿಸ್ಟರ್ ಲಿಯಾಂಗ್. ನಿಮ್ಮ ಬಾತ್‌ರೂಮಿನಿಂದ ಎತ್ತಿದೆ ಅಂತ ಶಾರನ್ ಹೇಳಿದಳು."

ಲಿಯಾಂಗ್ ಕೆಳಗೆ ಹೋಗಿ ಪುಸ್ತಕ ತಂದಿಟ್ಟ. ಭಾಷಣಕ್ಕೆ ಬೇಕಾಗಿದ್ದ ಪುಟಗಳೆಲ್ಲ ನೀಲಿ ಕೆಸರಾಗಿದ್ದವು.

"ನೀವು ಇದನ್ನು ಓದಿದರೆ ಯಾರೂ ಕೊಳ್ಳುವುದಿಲ್ಲ. ಈ ವಿಮಾನವನ್ನು ಉಳಿಸಲು ಬೇರೆ ದಾರಿ ಇರಲಿಲ್ಲ, ಗುರುಗಳೇ" ಎಂದ.

"ತಪ್ಪು ನಾನು ವಿನ್ಯಾಸ ಮಾಡಿದ ರೆಕ್ಕೆಯದಾಗಿತ್ತು" ಎಂದರು ಶೆನ್, ಖಾಲಿ ಕುರ್ಚಿಯನ್ನು ನೋಡುತ್ತ. "ಪೈಲಟ್‌ನ ತಪ್ಪು ಎಂಬ ವರದಿಗೆ ಸಹಿ ಹಾಕಿದೆ. ಅವನು ಎದುರು ಮಾತಾಡುವ ಹಾಗಿರಲಿಲ್ಲ. ನಾಲ್ಕಕ್ಕೆ ಅದನ್ನು ಹೇಳಲು ಕಾಗದ ಬೇಡ. ನನಗೆ ಎಲ್ಲಾ ಬಾಯಿಪಾಠ."

ಹಾಶಿಮ್ ಬೆಟ್ಟಿಯ ಕಡೆ ನೋಡಿದ. ಬೆಟ್ಟಿ ಕಳ್ಳಿಯಲ್ಲ, ಸರಿ. ಆದರೆ ಬಾಗಿಲು ತೆರೆದಿಟ್ಟದ್ದು ನಿಜ. ನಿಜ ಬರೆದರೆ ಅಷ್ಟಕ್ಕೇ ಅವಳ ಕೆಲಸ ಹೋಗುತ್ತಿತ್ತು.

"ಹೊಸ ವರದಿ ಬೇಕು, ಈಗಲೇ. ನನ್ನ ಕೋಣೆಗೆ ತನ್ನಿ" ಎಂದು ಹೇಳಿ ರೇಮಂಡ್ ಹೊರಟರು.

ಹಾಶಿಮ್ ಅಲ್ಲೇ ನಿಂತು ಬರೆದ. ಎರಡು ಕಡೆ ಹೊಡೆದು ಹಾಕಿ ಮತ್ತೆ ಬರೆದ. ಬೆಟ್ಟಿ ಲಿಫ್ಟ್‌ವರೆಗೂ ಹಿಂದೆಯೇ ಬಂದಳು.

"ಬಾಗಿಲಿನ ವಿಷಯ ಬರೆದ್ರಾ, ಹಾಶಿಮಣ್ಣ?"

"ಬರೆದೆ."

"ತಪ್ಪು ಯಾರದ್ದು ಅಂತ?"

"ಎರಡು ಸಲ ಜೊತೆ ಕೇಳಿದವಳನ್ನು ಒಬ್ಬಳೇ ಕಳಿಸಿದವನದ್ದು" ಎಂದ ಹಾಶಿಮ್. ಲಿಫ್ಟಿನಲ್ಲಿ ಇಳಿದು, ಕಾಗದ ಹಿಡಿದು ಅವನು ಮ್ಯಾನೇಜರರ ಕೋಣೆಯ ಬಾಗಿಲು ತಟ್ಟಿದ.